ಬಸವನಹುಳುವಿಗೆ ಸಂದ ಗೌರವ

ಬಸವನಹುಳು ನಿಧಾನವಾಗಿ ನಡೆಯುವ ಪ್ರಾಣಿ ಎಂಬುದನ್ನು ಯುದ್ಧದ ಎರಡನೆಯ ಬೇಸಿಗೆಯಲ್ಲಿ ಟೋಕಿಯೊದ ಚಿತ್ರ ಪರಿಶೀಲನಾ ಕಚೇರಿಯು ಅಧಿಕೃತವಾಗಿ ಪತ್ತೆಹಚ್ಚಿತು.

ಪತ್ತೆಗೆ ಕಾರಣ ನಮ್ಮ ಎಂಟು ನಿಮಿಷದ ಕಾರ್ಟೂನು. ಮಳೆಯಲ್ಲಿ ಬಸವನಹುಳುವೊಂದು ಮರ ಹತ್ತುತ್ತದೆ, ಕಪ್ಪೆಗಳು ನೋಡುತ್ತವೆ. ಇಷ್ಟೇ ಕಥೆ. ಇದಕ್ಕಾಗಿ ನಮ್ಮ ಯಜಮಾನ ಉಸಾಮಿ ಒಂದು ವರ್ಷ ಬೆನ್ನು ಬಗ್ಗಿಸಿ ಚಿತ್ರ ಬರೆದಿದ್ದರು. ಕಚೇರಿಯ ಪತ್ರ ಹೀಗಿತ್ತು: ‘ನಿಧಾನವು ಪ್ರಜೆಗಳ ಉತ್ಸಾಹಕ್ಕೆ ಮಾರಕ. ಸದರಿ ಹುಳುವನ್ನು ವಜಾಗೊಳಿಸಿ, ಆ ಸ್ಥಾನಕ್ಕೆ ಜೇನುನೊಣವನ್ನು ನೇಮಿಸತಕ್ಕದ್ದು. ತಪ್ಪಿದಲ್ಲಿ ಸ್ಟುಡಿಯೋ ಮುಚ್ಚಿ, ಸಿಬ್ಬಂದಿಯನ್ನು ಮದ್ದುಗುಂಡಿನ ಕಾರ್ಖಾನೆಗೆ ಕಳಿಸಲಾಗುವುದು.’

ಸಿಬ್ಬಂದಿ ಎಂದರೆ ಉಸಾಮಿ, ಬಣ್ಣ ತುಂಬುವ ಕಿನುಯೊ ಮತ್ತು ಕ್ಯಾಮೆರಾದ ನಾನು. ನನಗೋ ಪಟಾಕಿ ಸದ್ದೇ ಆಗಿಬರುವುದಿಲ್ಲ.

ಕಾರ್ಟೂನು ಬರೆಯಲು ಬೇಕಾದ ಹೊಸ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳೆಲ್ಲ ಸಿಡಿಮದ್ದಿಗೆ ಹೋಗುತ್ತಿದ್ದವು. ಹಾಗಾಗಿ ಎಂದಿನಂತೆ ಹಳೆಯ ಹಾಳೆಗಳನ್ನೇ ತೊಳೆದು ಅವುಗಳ ಮೇಲೆ ಜೇನುನೊಣ ಬರೆದೆವು. ಸೋಪು ಸಿಗದೆ ಬೂದಿನೀರಲ್ಲಿ ತೊಳೆದಿದ್ದರಿಂದ ಬಸವನಹುಳು ಮಸುಕಾಗಿ ಹಿಂದೆ ಉಳಿದೇಬಿಟ್ಟಿತು.

ಪರಿಶೀಲನೆಯ ದಿನ ಅಧಿಕಾರಿ ಹತಾಕೆದಾ ಎರಡು ಸಲ ಕನ್ನಡಕ ಒರೆಸಿಕೊಂಡರು.

“ಏನ್ರೀ ಉಸಾಮಿ, ಅದು ಇನ್ನೂ ಹತ್ತುತ್ತಾನೇ ಇದೆಯಲ್ರೀ?”

ಕಿನುಯೊ ಎದ್ದು ನಡುಬಗ್ಗಿಸಿ ವಂದಿಸಿದಳು.

“ಅದು ಅದರ ಆತ್ಮ, ಸಾಹೇಬ್ರೇ. ನಿಮ್ಮ ಆದೇಶ ಬಂದ ದಿನವೇ ದೇಶಕ್ಕಾಗಿ ಪ್ರಾಣ ಬಿಡ್ತು.”

“ನಿಧಾನವಾಗಿ ಬಿಡ್ತಾ?”

“ಛೇ ಛೇ, ತಕ್ಷಣ!”

ಹತಾಕೆದಾ ದಡಬಡಿಸಿ ಎದ್ದು, ಟೋಪಿ ತೆಗೆದು ತಲೆಬಾಗಿದರು. “ಹುತಾತ್ಮರೆದುರು ನೀವ್ಯಾಕ್ರೀ ಕೂತಿದೀರಿ? ಏಳ್ರಿ!”

ನಾವೂ ಎದ್ದೆವು. ಮುದ್ರೆ ಬಿತ್ತು. ಖುಷಿಗೆ ನಾನು ಕ್ಯಾಮೆರಾವನ್ನೇ ತಬ್ಬಿಕೊಂಡೆ.

ಮರುವಾರ ಸುತ್ತೋಲೆ ಬಂತು: ‘ಹುತಾತ್ಮ ಹುಳು ತೆರೆಯ ಮೇಲಿರುವಷ್ಟು ಹೊತ್ತು ಪ್ರೇಕ್ಷಕರು ಎದ್ದು ನಿಲ್ಲತಕ್ಕದ್ದು.’ ಅದು ಎಂಟು ನಿಮಿಷವೂ ಇರುತ್ತದೆ. ಮಕ್ಕಳು ನಿಂತಲ್ಲೇ “ಹತ್ತು, ಹತ್ತು!” ಎಂದು ಕೂಗುತ್ತಾರೆ. ಜೇನುನೊಣದ ಕಡೆ ಯಾರೂ ನೋಡುವುದಿಲ್ಲ. ಉಸಾಮಿ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಾರೆ.

ಮುಂದಿನ ಚಿತ್ರಕ್ಕೆ ಸೋಪು ಕೇಳಿ ಅರ್ಜಿ ಹಾಕಿದೆವು. ‘ಸೋಪು ನೀಡಿದಲ್ಲಿ ಆತ್ಮವು ಅಳಿಸಿಹೋಗುವ ಸಂಭವವಿರುವುದರಿಂದ ತಿರಸ್ಕರಿಸಲಾಗಿದೆ’ ಎಂದು ಉತ್ತರ ಬಂತು. ಇತ್ತ ಚಿತ್ರಮಂದಿರದವರು ಯಾರೂ ಕೂರದ ಬೆಂಚುಗಳನ್ನು ಸೈನ್ಯಕ್ಕೆ ಸೌದೆಯಾಗಿ ಕೊಟ್ಟು ಪ್ರಶಂಸಾಪತ್ರ ಪಡೆದರು. ಈಗ ಟಿಕೆಟ್ ಕೊಡುವವನು “ಮುಂದೆ ನಿಲ್ತೀರೋ, ಹಿಂದೆ ನಿಲ್ತೀರೋ?” ಎಂದಷ್ಟೇ ಕೇಳುತ್ತಾನೆ. ಜನ ಮುಂದಿನದನ್ನೇ ಕೇಳಿ ಪಡೆಯುತ್ತಾರೆ.