ಅಳಿಯ ಕಡಿಯದ ಮೂಳೆ

ಚಿಕ್ಕಗಂಗಮ್ಮ: ಉಪ್ಪು ಕಮ್ಮಿಯಾ? ಖಾರ ಜಾಸ್ತಿಯಾ? ಏನಾಗೈತೆ ಹೇಳ್ಬುಡಿ ಅಳಿಯಂದ್ರೆ. ಮೂಳೆ ಎಲ್ಲಾ ಹಂಗಂಗೇ ಇಟ್ಟಿದೀರಲ್ಲ!

ಗಂಗಾಧರ್: ಅಯ್ಯೋ ಅತ್ತೆ, ಸಾರು ಸೂಪರ್ ಆಗಿದೆ. ಮೂಳೆ ನಂಗೆ ಬೇಕು. ನಾಳೆ ಕ್ಲಾಸಿಗೆ.

ಚಿಕ್ಕಗಂಗಮ್ಮ: ಸಾರು ಚೆನ್ನಾಗಿದ್ರೆ ಮೂಳೆ ಯಾಕ್ರಪ್ಪಾ ಉಳಿಯುತ್ತೆ?

ಮದುವೆಯಾದ ಮೇಲೆ ಅಳಿಯ ಕೊತ್ತಗೆರೆಗೆ ಬಂದದ್ದು ಇದೇ ಮೊದಲು. ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಚಿಕ್ಕಗಂಗಮ್ಮ ತಾನೇ ಸಾಕಿದ ಹುಂಜ ಕೊಯ್ಯಿಸಿ, ಮಿಕ್ಸಿ ಮುಟ್ಟದೆ ಕಲ್ಲಿನಲ್ಲೇ ಮಸಾಲೆ ಅರೆದಿದ್ದಳು. ಆ ಬೀದಿಯಲ್ಲಿ ಸಾರು ಹೇಗಿತ್ತೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಉಂಡೆದ್ದವರ ಎಲೆಯಲ್ಲಿ ಎಷ್ಟು ಮೂಳೆ ಉಳಿದಿದೆ ಎಂದು ನೋಡುತ್ತಾರೆ. ಅಳಿಯನೋ, ಮೂಳೆಗಳನ್ನು ಎಲೆಯಂಚಿಗೆ ಸಾಲಾಗಿ ಜೋಡಿಸುತ್ತಾ ಕೂತಿದ್ದ. ಪಕ್ಕದ ಮನೆ ಹನುಮಮ್ಮನ ಕಿವಿ ಸದಾ ಗೋಡೆಗೇ ಅಂಟಿರುತ್ತದೆ. ಸಂಜೆಯೊಳಗೆ ಮಾನ ಹರಾಜು! ಚಿಕ್ಕಗಂಗಮ್ಮನಿಗೆ ಅಳುವೇ ಬಂದಂತಾಯಿತು.

ಗಂಗಾಧರ್: ಇಲ್ಲಿ ನೋಡಿ ಅತ್ತೆ, ಇದು ರೆಕ್ಕೆ. ಮೇಲ್ಗಡೆ ಒಂಟಿ ಮೂಳೆ ಇರುತ್ತೆ, ಕೆಳಗೆ ಜೋಡಿ ಮೂಳೆ, ಆಮೇಲೆ ಮಣಿಕಟ್ಟು, ಬೆರಳು. ನಿಮ್ಮ ಕೈ ಮುಟ್ಕೊಂಡು ನೋಡಿ, ಅದೇ ಲೆಕ್ಕ.

ಚಿಕ್ಕಗಂಗಮ್ಮ: (ಮುಂಗೈ ಒತ್ತಿ ನೋಡಿಕೊಂಡು) ಹೂಂ, ಎರಡು ಅವೆ... ಅಂದ್ರೆ ನಾನು ಕೋಳೀನಾ?

ಗಂಗಾಧರ್: ಕೋಳಿ ಅಲ್ಲ, ಕೋಳಿಗೆ ನೆಂಟರು. ಬಾವಲಿ ರೆಕ್ಕೇಲೂ ಇದೇ ಕಟ್ಟು. ಕುಣಿಗಲ್ ಫಾರಂ ಕುದುರೆ ಮುಂಗಾಲಲ್ಲೂ ಇದೇ. ಅದಕ್ಕೆ ನಡುಬೆರಳು ಒಂದೇ ಉಳಿದಿದೆ, ಗೊರಸೇ ಅದರ ಉಗುರು. ಕೋಟ್ಯಂತರ ವರ್ಷದ ಹಿಂದೆ ಎಲ್ಲಾರಿಗೂ ಒಂದೇ ಮೂಲ.

ಚಿಕ್ಕಗಂಗಮ್ಮ: ಮಾತುಕತೆ ದಿನ ನಿಮ್ಮೋರು ಇದನ್ನ ಹೇಳ್ಲೇ ಇಲ್ವಲ್ಲ! ವಂಶದಲ್ಲಿ ಕುದುರೆ, ಬಾವಲಿ ಎಲ್ಲಾ ಅವೆ ಅಂತ!

ಅಳಿಯನ ಪಕ್ಕದಲ್ಲೇ ಉಣ್ಣುತ್ತಿದ್ದ ಯಜಮಾನ ಪುಟ್ಟರಂಗಯ್ಯ ಆಗ ಬಾಯಿ ಹಾಕಿದ.

ಪುಟ್ಟರಂಗಯ್ಯ: ಕುದುರೆ ಇದ್ರೆ ಇರ್ಲಿ ಬುಡೇ, ಗತ್ತು. ಬಾವಲಿ ಬಗ್ಗೆ ವಿಚಾರಿಸ್ಬೇಕಿತ್ತು.

ಗಂಗಾಧರ್: ನಮ್ಮ ವಂಶದಲ್ಲಿ ಮಾತ್ರ ಅಲ್ಲ ಮಾವ, ನಿಮ್ಮದರಲ್ಲೂ ಅಷ್ಟೇ.

ಚಿಕ್ಕಗಂಗಮ್ಮ: ಹಂಗನ್ನಿ ಮತ್ತೆ! ಇವ್ರ ಕಡೆಯೋರ ವಿಷ್ಯ ಅಂದ್ರೆ ನಂಬ್ತೀನಿ.

ಒಳಗೆ ಮುದ್ದೆ ಕಟ್ಟುತ್ತಿದ್ದ ಮಗಳು ಬಿಂದುಶ್ರೀ ಕಿಸಕ್ಕನೆ ನಕ್ಕಳು.

ಗಂಗಾಧರ್: ಒಂದೇ ತೊಂದ್ರೆ. ಆ ಒಂಟಿ ಮೂಳೆ, ತೋಳಿಂದು, ನನ್ನ ಎಲೇಲಿ ಕಾಣ್ತಿಲ್ಲ.

ಚಿಕ್ಕಗಂಗಮ್ಮ: ಅಂದ್ರೆ ಅಳಿಯಂಗೇ ಕಮ್ಮಿ ಬಡಿಸಿದೀನಿ ಅಂತೀರಾ?

ಕಟ್ ಎಂದು ಸದ್ದಾಯಿತು. ಇಬ್ಬರೂ ತಿರುಗಿದರು. ಪುಟ್ಟರಂಗಯ್ಯನ ದವಡೆ ಅಲ್ಲೇ ನಿಂತಿತು.

ಪುಟ್ಟರಂಗಯ್ಯ: ಇದೇ ಇರ್ಬೇಕು. ಚೆನ್ನಾಗಿ ಬೆಂದಿತ್ತು.

ಗಂಗಾಧರ್: ಕೋಟ್ಯಂತರ ವರ್ಷದಿಂದ ಉಳ್ಕೊಂಡು ಬಂದ ಮೂಳೆ ಮಾವ ಅದು!

ಪುಟ್ಟರಂಗಯ್ಯ: ಅಷ್ಟು ವರ್ಷ ತಪ್ಪಿಸ್ಕೊಂಡಿದ್ದು ಇವತ್ತು ನನ್ ಎಲೆಗೇ ಬೀಳ್ಬೇಕಾ?

ಗಂಗಾಧರ್: ಹೋಗ್ಲಿ ಬಿಡಿ. ಈ ತುದಿ ತುಂಡು ನೋಡಿ, ಹುಂಜದ ಬಾಲದ ಮೂಳೆ. ಇದೂ ನಮಗಿದೆ. ಮಾವ ಹೋದ ತಿಂಗಳು ಕೊಟ್ಟಿಗೇಲಿ ಜಾರಿ ಬಿದ್ದು ಕೂರೋಕಾಗ್ದೆ ಒದ್ದಾಡಿದ್ರಲ್ಲ, ಏಟು ಬಿದ್ದಿದ್ದು ಅದಕ್ಕೇ. ಹಿಂದೆ ಬಾಲ ಇತ್ತು, ಈಗ ಬುಡ ಮಾತ್ರ ಉಳಿದಿದೆ.

ಚಿಕ್ಕಗಂಗಮ್ಮನ ಮುಖ ಊರಗಲವಾಯಿತು.

ಚಿಕ್ಕಗಂಗಮ್ಮ: ಇವ್ರಿಗೆ ಬಾಲ ಐತೆ ಅಂತ ಮದ್ವೆಯಾದ ವರ್ಷವೇ ನಮ್ಮತ್ತೆಗೆ ಹೇಳಿದ್ದೆ. ಯಾರೂ ಒಪ್ಲಿಲ್ಲ! ನೀವು ಓದಿರೋರು ನೋಡಿ, ಎಲೆ ಮುಂದೆ ಕೂತ್ಕೊಂಡೇ ಕಂಡುಹಿಡಿದ್ಬುಟ್ರಿ.

ಪುಟ್ಟರಂಗಯ್ಯ: ಏನ್ ಅಳಿಯಂದ್ರೆ, ನನ್ನೇ ಪಾಠ ಮಾಡ್ಬುಟ್ರಲ್ಲ!

ಖುಷಿಯಲ್ಲೇ ಒಳಗೆ ಹೋದ ಚಿಕ್ಕಗಂಗಮ್ಮ ಸಾರಿನ ಪಾತ್ರೆ ಕೆದಕಿ, ಇನ್ನೊಂದು ರೆಕ್ಕೆಯ ತುಂಡುಗಳನ್ನೆಲ್ಲ ಹುಡುಕಿ ತಂದಳು.

ಚಿಕ್ಕಗಂಗಮ್ಮ: ತಗೊಳ್ಳಿ, ತೋಳು, ಬೆರಳು ಎಲ್ಲಾ ಐತೆ. ಇದು ನಿಮ್ ಕ್ಲಾಸಿಗೆ. ಎಲೇಲಿರೋದು ಮಾತ್ರ ನನ್ ಸಾರಿಂದು. ಕಡೀರಿ!

ಗಂಗಾಧರ್ ರೆಕ್ಕೆಯನ್ನು ಕವರಿಗೆ ಹಾಕಿ, ಮಿಕ್ಕಿದ್ದನ್ನು ಕಟಕಟನೆ ಕಡಿದು, ಚೀಪಿ, ಇನ್ನೊಂದು ಮುದ್ದೆ ಹಾಕಿಸಿಕೊಂಡ. ಎಲೆ ತೊಳೆದಿಟ್ಟಂತಾಯಿತು. ಆ ಸದ್ದು ಕೇಳಿಸಿತೋ ಏನೋ, ಗೋಡೆಯಾಚೆಯಿಂದ ದನಿ ಬಂತು.

ಹನುಮಮ್ಮ: ಏನ್ಲೇ ಗಂಗಮ್ಮ, ಅಳಿಯ ಮೂಳೆ ಗೀಳೆ ಉಳಿಸವ್ರಾ?

ಚಿಕ್ಕಗಂಗಮ್ಮ: ಒಂದೇ ಒಂದು ಉಳಿಸವ್ರೆ ಕಣೇ. ನಮ್ ಯಜಮಾನ್ರ ಬಾಲದ್ದು!