ಫೀ ಮಾಫಿಯ ಫಜೀತಿ

ಕಾಲೇಜಿನ ಸ್ಕಾಲರ್‌ಶಿಪ್ ಖಿಡಕಿಯ ಹಿಂದೆ ಕೂತವರು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ದಿನಕ್ಕೊಂದು ಫಜೀತಿ ತಾನಾಗಿಯೇ ಪಾಳಿ ಹಚ್ಚಿ ಬಂದು ನಿಲ್ಲುತ್ತದೆ. ನಾನು ದಿನಾ ಸೊಲ್ಲಾಪುರದಿಂದ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಬಂದು ಈ ಖಿಡಕಿ ತೆಗೆಯುವವಳು. ಹುಡುಗರು ಸರಕಾರದ ಪೋರ್ಟಲಿನಲ್ಲಿ ಅರ್ಜಿ ತುಂಬಬೇಕು, ಕಾಗದಪತ್ರ ನಾನು ತಪಾಸಣೆ ಮಾಡಬೇಕು, ನಾನು ಹೂಂ ಅಂದ ಮೇಲೆ ಅದು ಸೊಲ್ಲಾಪುರದ ಕಚೇರಿಗೆ ಹೋಗಬೇಕು. ಹೇಳಲಿಕ್ಕೆ ಇಷ್ಟೇ. ಆದರೆ ಈ ಮೂರು ಮಾತಿನ ನಡುವೆ ಒಂದು ಪೂರಾ ಮನೆತನ ನನ್ನ ಮೇಜಿನ ಮುಂದೆ ಬಂದು ಹೋಗುತ್ತದೆ.

ಹೋದ ವರ್ಷ ನಾಗಣಸೂರದ ಒಬ್ಬ ಹುಡುಗಿಯ ಅರ್ಜಿ ನನ್ನನ್ನು ಸಾಕುಬೇಕು ಮಾಡಿತು. ಬಿ.ಎಸ್ಸಿ. ಎರಡನೇ ವರ್ಷ. ಹೊಟ್ಟೆಗೆ ಕಡಿಮೆ ಇಲ್ಲ, ಕೈಗೆ ಏನೂ ಹತ್ತುವುದಿಲ್ಲ ಅನ್ನುವ ನಮೂನೆಯ ಒಕ್ಕಲು ಮನೆ. ಮೊದಲ ದಿನವೇ ಹುಡುಗಿ ಸಾಫ್ ಹೇಳಿಬಿಟ್ಟಳು.

“ಮ್ಯಾಡಮ್ರ, ಫೀ ಮಾಫಿ ಆದ್ರ ಕಲಿ ಅಂದಾನ ನಮ್ಮಪ್ಪ. ಆಗಲಿಲ್ಲಂದ್ರ ದೀಪಾವಳಿ ಮುಗದ ಕೂಡಲೇ ಲಗ್ನ. ಹುಡುಗನ್ನ ನೋಡಿಟ್ಟಾರ.”

“ಹುಡುಗ ಹೆಂಗ ಅದಾನ?”

“ಛಲೋನೇ ಇರಬೇಕ್ರಿ. ಆದ್ರ ನಂದು ಕೆಮಿಸ್ಟ್ರಿ ಇನ್ನೂ ಮುಗದಿಲ್ಲ.”

ಈ ಉತ್ತರ ನನಗೆ ಬಹಳ ಹಿಡಿಸಿತು. ಈ ಅರ್ಜಿಯನ್ನು ದಡ ಮುಟ್ಟಿಸಿಯೇ ತೀರಬೇಕು ಅಂತ ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

೧. ಅಜ್ಜನ ಗುಟ್ಟು

ಪೋರ್ಟಲಿನ ಬಾಗಿಲು ತೆಗೆಯಬೇಕಾದರೆ ಆಧಾರ ಕಾರ್ಡಿಗೆ ಜೋಡಿಸಿದ ಫೋನಿಗೆ ಒಂದು ಒಟಿಪಿ ಬರುತ್ತದೆ. ಹತ್ತು ನಿಮಿಷದೊಳಗೆ ಅದನ್ನು ತುಂಬಬೇಕು. ಈ ಹುಡುಗಿಯ ಆಧಾರ ಅವಳು ಸಣ್ಣವಳಿದ್ದಾಗ ಮಾಡಿಸಿದ್ದು. ಆಗ ಮನೆಯಲ್ಲಿದ್ದ ಒಂದೇ ಫೋನು ಅಜ್ಜನದು, ಹೀಗಾಗಿ ನಂಬರೂ ಅಜ್ಜನದೇ. ಅಜ್ಜ ಊರಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಹುಡುಗಿ ಫೋನು ಹಚ್ಚಿ, ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು.

“ಅಜ್ಜಾ, ನಿನ್ನ ಫೋನಿಗೆ ಆರು ಅಂಕಿ ಬಂದಾವ. ಹೇಳು ಲಗೂನ.”

“ಹೇಳಂಗಿಲ್ಲ.”

“ಯಾಕ?”

“ಯಾರಿಗೂ ಹೇಳಬ್ಯಾಡ್ರಿ ಅಂತ ಫೋನಿನಾಗ ದಿನಾ ಬಾಯಿ ಬಡ್ಕೋತಾರ. ನಿನ್ನಂಥಾವರೇ ಮಂದಿ ರೊಕ್ಕ ನುಂಗೂದು.”

“ಅಜ್ಜಾ, ನಾ ನಿನ್ನ ಮೊಮ್ಮಗಳು!”

“ಎಲ್ಲಾರೂ ಹಿಂಗೇ ಅಂತಾರ. ಮೊಮ್ಮಗಳಿದ್ರ ಹೇಳು, ನಮ್ಮ ಎಮ್ಮಿ ಈ ಸಲ ಏನು ಈದದ?”

“ಹೆಣ್ಣ ಕರ.”

“ಅದು ಊರಿಗೆಲ್ಲಾ ಗೊತ್ತದ. ನಿಮ್ಮಜ್ಜಿ ನನ್ನ ಕೂಡ ಮಾತು ಬಿಟ್ಟು ಎಷ್ಟು ದಿನ ಆತು?”

“ಇವತ್ತಿಗೆ ನಾಕು ದಿನ. ಚಾದಾಗ ಸಕ್ಕರಿ ಕಡಿಮಿ ಆತಂತ ಕಪ್ಪು ಒಗದಿ ನೋಡು, ಅವತ್ತಿನಿಂದ.”

ಪಾಳಿಯಲ್ಲಿ ನಿಂತ ಹುಡುಗರು ಗೊಳ್ಳೆಂದು ನಕ್ಕರು. ಅಜ್ಜನಿಗೆ ನಂಬಿಕೆ ಬರುವಷ್ಟರಲ್ಲಿ ಒಟಿಪಿಯ ವೇಳೆ ಮುಗಿದಿತ್ತು. ಮತ್ತೆರಡು ಸಲ ಹೀಗೇ ಆಯಿತು, ಪ್ರತಿ ಸಲ ಅಜ್ಜನದು ಹೊಸ ಪರೀಕ್ಷೆ. ಮೂರನೆಯ ಸಲಕ್ಕೆ ಪೋರ್ಟಲ್ ಬೇಸತ್ತು ಒಂದು ದಿನದ ಮಟ್ಟಿಗೆ ಬಾಗಿಲು ಹಾಕಿಕೊಂಡಿತು.

ಮರುದಿನ ಖಿಡಕಿ ತೆಗೆದರೆ ಮುಂದೆ ಅಜ್ಜನೇ ನಿಂತಿದ್ದ. ಮೊದಲ ಗಾಡಿಗೆ ಬಂದಿದ್ದನಂತೆ. ಹಿಂದಿದ್ದವರನ್ನೆಲ್ಲ ನಾಲ್ಕು ಹೆಜ್ಜೆ ದೂರ ಸರಿಸಿ, ಖಿಡಕಿಯೊಳಗೆ ರುಮಾಲು ಸುತ್ತಿದ ತಲೆ ತೂರಿಸಿ, ಪಿಸುಮಾತಿನಲ್ಲಿ ಆರು ಅಂಕಿ ಹೇಳಿದ.

“ಅಜ್ಜಾರ, ಇದು ನಿನ್ನಿದು. ಇವತ್ತು ಹೊಸಾದು ಬರತದ. ಫೋನು ಕೊಡ್ರಿ ಇಲ್ಲೆ.”

ಅಜ್ಜ ನನ್ನನ್ನು ಕನಿಕರದಿಂದ ನೋಡಿದ.

“ಬಸ್ಸಿನಾಗ ಕಳ್ಳರು ಇರ್ತಾರ್ರಿ. ಫೋನು ಟ್ರಂಕಿನಾಗ ಇಟ್ಟು ಕೀಲಿ ಹಾಕಿ ಬಂದೀನಿ.”

೨. ಮಂದ್ಯಾಗ ಕೇಳಿದ ಮಾತು

ಅಂತೂ ಮೂರನೆಯ ದಿನ ಅಜ್ಜನನ್ನೂ ಫೋನನ್ನೂ ಒಂದೇ ವೇಳೆಗೆ ಒಂದೇ ಊರಿಗೆ ತಂದು ಆ ಕೆಲಸ ಮುಗಿಸಿದೆವು. ಮುಂದಿನದು ಉತ್ಪನ್ನದ ದಾಖಲೆ. ನಮ್ಮ ಈ ಸೀಮೆಯಲ್ಲಿ ಆದಾಯಕ್ಕೆ ಉತ್ಪನ್ನ ಅನ್ನುವುದೇ ರೂಢಿ. ಮನೆಯ ಉತ್ಪನ್ನ ಸರಕಾರ ಹಾಕಿದ ಮಿತಿಯೊಳಗೆ ಇದೆ ಅಂತ ತಹಸೀಲ ಕಚೇರಿಯಿಂದ ಕಾಗದ ಬಂದರೆ ಮಾತ್ರ ಫೀ ಮಾಫಿ. ಅದನ್ನು ತರಲು ಹುಡುಗಿಯ ತಂದೆ ಹೋದರು. ಬಿಳಿ ಧೋತರ, ಇಸ್ತ್ರಿ ಮಾಡಿದ ಟೊಪ್ಪಿಗೆ, ಮಾತಿನಲ್ಲಿ ತೂಕ.

ವಾರದ ಮೇಲೆ ದಾಖಲೆ ತಂದು ನನ್ನ ಮುಂದಿಟ್ಟರು. ನೋಡಿದರೆ ಉತ್ಪನ್ನ ಮಿತಿಯನ್ನು ದಾಟಿ ಎಲ್ಲೋ ಹೋಗಿದೆ. ಈ ಕಾಗದ ಹಚ್ಚಿದರೆ ಅರ್ಜಿ ಅಲ್ಲಿಂದಲೇ ವಾಪಸು.

“ಇದೇನ್ರಿ? ದ್ರಾಕ್ಷಿ ತೋಟ ಅಂತ ಬರಸೀರಿ?”

ಹುಡುಗಿ ಇಣುಕಿ ನೋಡಿದಳು. “ಅಪ್ಪಾ, ನಮ್ಮ ಹೊಲದಾಗ ದ್ರಾಕ್ಷಿ ಎಲ್ಲಿ ಅದ?”

“ಹಚ್ಚಬೇಕಂತ ಮಾಡೀನಿ.”

“ಮತ್ತ ಇಲ್ಲಿ ಎರಡು ಬೋರು?”

“ಒಂದು ಅದಲ್ಲ. ಇನ್ನೊಂದಕ್ಕ ಜಾಗಾ ನೋಡೀನಿ.”

ನನಗೆ ತಲೆ ಕೆಟ್ಟಿತು. “ಅಲ್ರಿ, ಇದ್ದದ್ದು ಇದ್ದಂಗ ಹೇಳಾಕ ಏನಾಗಿತ್ತು ನಿಮಗ?”

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಹೆಂಗ ಹೇಳ್ಲಿ ಮ್ಯಾಡಮ್ರ? ದಾಖಲೆ ಅರ್ಜಿ ತುಂಬೂ ಕೇಂದ್ರದಾಗ ಕಂಪ್ಯೂಟರ್ ಮುಂದ ಕುಂತಾವ ಒದರಿ ಕೇಳಿದ, ‘ಉತ್ಪನ್ನ ಎಷ್ಟು?’ ಅಂತ. ನನ್ನ ಹಿಂದ ನಮ್ಮೂರ ಮಂದಿ ನಿಂತದ. ಅದರಾಗ ಲಗ್ನ ಕೂಡಸಾವ ಒಬ್ಬ. ಮೊನ್ನಿನೇ ಅವನ ಮುಂದ ದ್ರಾಕ್ಷಿ ತೋಟ ಅದ ಅಂತ ಹೇಳಿದ್ದೆ. ಎಂಟು ದಿನದಾಗ ಬಳ್ಳಿ ಒಣಗಿ ಹೋದವು ಅನ್ಲೇನು?”

“ಹಂಗಾದ್ರ ಮಗಳ ಫೀ?”

“ಅದಕ್ಕೇ ಬಂದೀನಲ್ರಿ. ಈಗ ನೀವು ಏಕಾಂತದಾಗ ಕೇಳ್ರಿ, ಖರೇ ಹೇಳ್ತೀನಿ.”

ದಾಖಲೆ ತಿದ್ದಿಸಲು ಮತ್ತೆ ಅರ್ಜಿ ಕೊಡಬೇಕಾಯಿತು. ಇನ್ನು ಊರಿನ ಹೊಲಮನೆಯ ಲೆಕ್ಕ ಇಡುವ ತಲಾಠಿ ಸ್ವತಃ ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ ಅಂತ ಹೇಳಿದೆ. ಅವರು ಬಾಗಿಲ ತನಕ ಹೋದವರು ತಿರುಗಿ ಬಂದರು.

“ತಲಾಠಿ ಸಾಹೇಬ್ರಿಗೆ ಒಂದು ಮಾತು ಹೇಳ್ರಿ ಮ್ಯಾಡಮ್ರ. ಬರೂ ಮುಂದ ಸಪ್ಪಳ ಮಾಡದ ಬರ್ರಿ ಅಂತ.”

೩. ಒಂದೇ ದಿನ ಎರಡು ತಪಾಸಣಿ

ತಲಾಠಿ ಸಪ್ಪಳ ಮಾಡದೆಯೇ ಬಂದರು. ಆದರೆ ಬಂದದ್ದು ಹುಡುಗನ ಕಡೆಯವರು ಹುಡುಗಿಯನ್ನು ನೋಡಲು ಬಂದು ಕೂತ ದಿನ. ಇದನ್ನು ಹುಡುಗಿಯೇ ನನಗೆ ಮರುದಿನ ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ ಹೇಳಿದಳು.

ದುಧನಿ ಕಡೆಯಿಂದ ಹುಡುಗನ ತಂದೆ ನಾಲ್ಕು ಮಂದಿಯನ್ನು ಕರಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಹೊಸ ಚಾದರ ಹಾಸಿತ್ತು. ಅಂಗಳದಲ್ಲಿ ಬಾಜೂ ಮನೆಯ ಟ್ರ್ಯಾಕ್ಟರು ತೊಳೆದು ನಿಲ್ಲಿಸಿತ್ತು. ಪೋಹೆಯ, ಅಂದರೆ ಒಗ್ಗರಣೆ ಅವಲಕ್ಕಿಯ, ತಾಟು ಕೈಗೆ ಬರುವ ಹೊತ್ತಿಗೆ ತಲಾಠಿ ಬಗಲಲ್ಲಿ ಲೆಕ್ಕದ ವಹಿ ಹಿಡಿದು ಒಳಗೆ ಬಂದರು. ತಂದೆ ಎದ್ದು ನಿಂತು, “ಬರ್ರಿ ಸಾಹೇಬ್ರ, ಬರ್ರಿ” ಅಂದು, ಬಂದವರ ಕಡೆ ತಿರುಗಿ, “ನಮ್ಮ ದೋಸ್ತರು. ಹಿಂಗೇ ಚಾ ಕುಡಿಯಾಕ ಬರ್ತಿರ್ತಾರ” ಅಂದರು. ತಲಾಠಿಗೂ ಒಂದು ತಾಟು ಬಂತು.

ಹುಡುಗನ ತಂದೆ ಹೊರಗೆ ನೋಡಿ ಕೇಳಿದರು, “ಟ್ರ್ಯಾಕ್ಟರ ಛಲೋ ಅದ. ಯಾರದ್ರಿ?”

“ಮನೀದು.”

ತಲಾಠಿ ವಹಿ ತೆಗೆದರು.

“ಬಾಜೂ ಮನೀದು” ಅಂದರು ತಂದೆ.

“ದ್ರಾಕ್ಷಿ ಎಷ್ಟು ಎಕರೆ ಅಂದ್ರಿ?” ಅಂದರು ಹುಡುಗನ ತಂದೆ.

ತಂದೆ ಒಮ್ಮೆ ಈ ಕಡೆ ನೋಡಿದರು, ಒಮ್ಮೆ ಆ ಕಡೆ ನೋಡಿದರು. “ದೇವರ ದಯಾ.”

ತಲಾಠಿ ಪೋಹೆ ಅಗಿಯುತ್ತ ಕೇಳಿದರು, “ಇದನ್ನ ಯಾವ ಕಾಲಂನಾಗ ಬರೀಲಿ?”

ಆಗ ಹುಡುಗನ ತಂದೆ ತಾವೇನು ಕಡಿಮೆ ಅಂತ ತಮ್ಮ ಕಬ್ಬು, ತಮ್ಮ ಎರಡು ಟ್ರ್ಯಾಕ್ಟರು, ಬಾವಿಯ ನೀರು ಎಲ್ಲ ಹೇಳಲಿಕ್ಕೆ ಹತ್ತಿದರು. ಆ ಗದ್ದಲದಲ್ಲಿ ತಲಾಠಿ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಹೊಲ ನೋಡಿ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡರು. ಅವರಿಗೆ ಆ ಹೊಲದ ಕಲ್ಲುಕಲ್ಲೂ ಗೊತ್ತು. ತಿರುಗಿ ಬಂದು ಇನ್ನೊಂದು ತಾಟು ಪೋಹೆ ತಿಂದು ಹೋದರಂತೆ. ಇತ್ತ ಹುಡುಗನ ಕಡೆಯವರೂ ಹುಡುಗಿ ಪಸಂದ್ ಅಂದು ಎದ್ದರು.

“ಹಂಗಾದ್ರ ಆತಲ್ಲ, ದಾಖಲೆ ಬರತದ, ನಿನ್ನ ಮಾಫಿ ಆಗತದ” ಅಂದೆ.

“ಮಾಫಿ ಆಗತದ್ರಿ. ಆದ್ರ ಆ ಮನಿ ಅಪ್ಪಗ ಬಾಳ ಮನಸಿಗೆ ಬಂದದ. ಎರಡು ಟ್ರ್ಯಾಕ್ಟರ ಅಂದ್ರಲ್ಲ. ಮಾಫಿ ಆದ್ರೂ ಲಗ್ನ ಈ ವರ್ಷನೇ ಮುಗಸೂಣು ಅನ್ನಾಕತ್ತಾನ.”

ನನಗೆ ಕೆಟ್ಟ ಸಿಟ್ಟು ಬಂತು. ಇದಕ್ಕಾಗಿ ಮೂರು ವಾರ ಹೆಣಗಾಡಿದೆವೇ ಅನಿಸಿತು. ಹುಡುಗಿ ಮಾತ್ರ ಪುಸ್ತಕ ಎತ್ತಿಕೊಂಡು ಹೇಳಿದಳು:

“ಒಂದೇ ದಿನದಾಗ ಎರಡು ಪರೀಕ್ಷಾ ಪಾಸಾದೆ ಮ್ಯಾಡಮ್ರ. ಬಡವರ ಮಗಳು ಅಂತನೂ, ಸಾವಕಾರ್ರ ಮಗಳು ಅಂತನೂ. ಕೆಮಿಸ್ಟ್ರಿ ಒಂದು ಉಳೀತು.”

೪. ಕಡೆಯ ದಿನ

ಅರ್ಜಿಯ ಕಡೆಯ ದಿನ ಪಾಳಿ ಗೇಟಿನ ತನಕ ಹೋಗಿರುತ್ತದೆ. ಸಂಜೆ ಐದಕ್ಕೆ ಪೋರ್ಟಲ್ ಮುಚ್ಚುತ್ತದೆ. ಆ ಮೇಲೆ ಯಾರು ಬಂದು ಕೈಮುಗಿದರೂ ತೆಗೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಡುಗಿಯೂ ತಂದೆಯೂ ಬಂದರು. ತಿದ್ದಿಸಿದ ದಾಖಲೆ ತಂದೆಯ ಒಳಕಿಸೆಯಲ್ಲಿತ್ತು. ಖಿಡಕಿಗೆ ಇನ್ನು ಎರಡೇ ಹೆಜ್ಜೆ ಇರುವಾಗ ಅವರು ಸುಮ್ಮನೆ ಹಿಂದೆ ತಿರುಗಿ ನೋಡಿದರು. ಹಿಂದೆ ದುಧನಿಯ ಬೀಗರು, ಅಂದರೆ ಹುಡುಗನ ತಂದೆ, ಕೈಯಲ್ಲಿ ಒಂದು ಕಾಗದ ಹಿಡಿದು ನಿಂತಿದ್ದರು. ಅವರ ಸಣ್ಣ ಮಗ ನಮ್ಮಲ್ಲೇ ಬಿ.ಕಾಂ. ಓದುತ್ತಾನೆ. ಬೀಗರ ಕೈಯ ಕಾಗದ ತಟ್ಟನೆ ಬೆನ್ನ ಹಿಂದೆ ಹೋಯಿತು.

“ಏನ್ರಿ ಬೀಗರ, ಇಲ್ಲೆಲ್ಲಿ?” ಅಂದರು ಹುಡುಗಿಯ ತಂದೆ.

“ಹಿಂಗೇ, ಅಕ್ಕಲಕೋಟಿಗೆ ದರ್ಶನಕ್ಕ ಬಂದಿದ್ದೆ. ನೀವು?”

“ನಾವೂ ದರ್ಶನಕ್ಕೇ.”

ಗುಡಿ ಇರುವುದು ಊರಿನ ಆ ತುದಿಗೆ.

“ಹಂಗಾದ್ರ ನೀವು ಮುಂದ ಆಗ್ರಿ.”

“ಛೇ, ನೀವು ದೊಡ್ಡವರು. ನೀವು ಆಗ್ರಿ.”

“ಇಲ್ಲಿಲ್ಲ, ನಿಮ್ಮದು ಆಗಲಿ.”

ಇಬ್ಬರೂ ಹೀಗೆ ಮರ್ಯಾದೆ ಮಾಡಿಕೊಳ್ಳುತ್ತ ನಿಂತರು. ಹಿಂದಿನವರು ಒಬ್ಬೊಬ್ಬರಾಗಿ ಮುಂದೆ ಬಂದು ಕೆಲಸ ಮುಗಿಸಿಕೊಂಡು ಹೋದರು. ಪಾಳಿ ಕರಗಿ ಕರಗಿ ಕಡೆಗೆ ಇಬ್ಬರೇ ಉಳಿದರು. ಐದಕ್ಕೆ ಹದಿನೈದು ನಿಮಿಷ ಕಮ್ಮಿ. ಹುಡುಗಿಯ ಮುಖ ಸಣ್ಣದಾಗಿತ್ತು. ನನಗೆ ತಡೆಯಲಾಗಲಿಲ್ಲ.

“ದರ್ಶನ ಆಗಿದ್ರ ಕಾಗದ ಕೊಡ್ರಿ ಇಬ್ಬರೂ. ಬಾಗಲಾ ಹಾಕೂ ವ್ಯಾಳ್ಯಾ ಆತು.”

ಯಾರೂ ಅಲುಗಲಿಲ್ಲ. ಹುಡುಗಿ ಮುಂದೆ ಬಂದಳು. ತಂದೆಯ ಕಿಸೆಗೆ ಕೈ ಹಾಕಿ ದಾಖಲೆ ತೆಗೆದಳು. ಆಮೇಲೆ ಬೀಗರ ಮುಂದೆ ಕೈ ಚಾಚಿ, “ಕಾಕಾರ, ನಿಮ್ದೂ ಕೊಡ್ರಿ. ಕೂಡೇ ಆಗಿಹೋಗಲಿ” ಅಂದಳು. ಎರಡೂ ಕಾಗದ ನನ್ನ ಖಿಡಕಿಯ ಕಟ್ಟೆಯ ಮೇಲೆ ಮಗ್ಗುಲಮಗ್ಗುಲಿಗೆ ಬಿದ್ದವು. ಎರಡರಲ್ಲೂ ದ್ರಾಕ್ಷಿ ಇಲ್ಲ, ಎರಡರಲ್ಲೂ ಟ್ರ್ಯಾಕ್ಟರಿಲ್ಲ.

ಇನ್ನು ಜಗಳವೇ ಅಂದುಕೊಂಡೆ. ಬೀಗರು ಚಷ್ಮಾ ಹಾಕಿಕೊಂಡು ಎರಡನ್ನೂ ಓದಿದರು. ಮತ್ತೊಮ್ಮೆ ಓದಿದರು.

“ಏನ್ರಿ ಇದು! ನಮಗಿಂತಾ ಕಡಿಮಿ ಬರಸೀರಲ್ಲ! ಹೆಂಗ ಬರಸಿದ್ರಿ?”

ಹುಡುಗಿಯ ತಂದೆಯ ಎದೆ ಒಂದು ಗೇಣು ಮುಂದೆ ಬಂತು. “ಅದಕ್ಕೂ ಕಚೇರ್ಯಾಗ ಜರಾ ಗುರುತು, ಓಳಖಿ ಬೇಕಾಗತದ್ರಿ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ಇನ್ನೊಬ್ಬರ ಭುಜದ ಮೇಲೆ ಕೈ ಹಾಕಿದರು. “ಇನ್ನ ನಮ್ಮ ನಿಮ್ಮೊಳಗ ಮುಚ್ಚುಮರಿ ಏನೂ ಇಲ್ಲ. ಲಗ್ನ ಬರೂ ತಿಂಗಳೇ ಮುಗಿಸಿಬಿಡೂಣು” ಅಂದರು ಬೀಗರು. “ಹೂಂ, ಆಗಲಿ” ಅಂದರು ತಂದೆ. ಆಗುವುದು ಬೇಡ ಅಂದದ್ದೇ ನನ್ನ ಕಣ್ಣ ಮುಂದೆ ಆಗಿಹೋಯಿತು. ಹುಡುಗಿ ಒಂದು ಗಳಿಗೆ ಕಾಗದವನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಮುಖ ನೋಡಿ ಬಹಳ ಸಾದಾ ದನಿಯಲ್ಲಿ ಕೇಳಿದಳು:

“ಮ್ಯಾಡಮ್ರ, ಲಗ್ನ ಆದ ಮ್ಯಾಲ ಮುಂದಿನ ವರ್ಷದ ಫಾರ್ಮಿಗೆ ಯಾರ ಮನಿ ಉತ್ಪನ್ನ ಹಚ್ಚಬೇಕ್ರಿ?”

ಇಷ್ಟು ವರ್ಷದ ನೌಕರಿಯಲ್ಲಿ ನಿಯಮ ಬಿಟ್ಟು ಒಂದು ಅಕ್ಷರ ಆಡಿದವಳಲ್ಲ ನಾನು. ಸಣ್ಣ ಅಕ್ಷರದ ಪರಿಪತ್ರಕಗಳನ್ನೂ ಪೂರಾ ಓದುವವಳು. ಚಷ್ಮಾ ತೆಗೆದೆ, ಸೆರಗಿನಿಂದ ಒರೆಸಿದೆ, ಮತ್ತೆ ಹಾಕಿಕೊಂಡೆ.

“ಎರಡೂ ಮನೀದು” ಅಂದೆ. “ಕೂಡಿಸಿ.”

ಇಬ್ಬರು ತಂದೆಯರೂ ಎರಡು ಕಾಗದದ ಮೇಲೆ ಬಗ್ಗಿದರು. ಇಬ್ಬರ ತುಟಿಗಳೂ ಅಲುಗಾಡುತ್ತಿದ್ದವು. ಕೂಡಿಸಿದರೆ ಮಿತಿ ದಾಟಿ ಹೋಗುತ್ತಿತ್ತು.

“ನಮ್ಮ ಸಣ್ಣಾವನ ಫಾರ್ಮಿಗೂ ಹಂಗೇ ಏನ್ರಿ?” ಅಂದರು ಬೀಗರು. ದನಿಯಲ್ಲಿ ನಗೆ ಉಳಿದಿರಲಿಲ್ಲ.

“ಬೀಗತನ ಆದ ಮ್ಯಾಲ ಒಂದೇ ಮನಿ ಅಲ್ರಿ?”

ಇಬ್ಬರೂ ಒಬ್ಬರ ಭುಜದ ಮೇಲಿನ ಕೈ ಒಬ್ಬರು ತೆಗೆದರು.

“ಹುಡುಗಿಗೆ ಕಲಿಯೂ ಹುರುಪು ಭಾರಿ ಅದ. ಡಿಗ್ರಿ ಮುಗೀಲಿ ಬಿಡ್ರಿ” ಅಂದರು ಒಬ್ಬರು.

“ನಾನೂ ಅದನ್ನೇ ಅನ್ನಾವ ಇದ್ದೆ. ಲಗ್ನಕ್ಕ ಗಡಬಡಿ ಏನದ?” ಅಂದರು ಇನ್ನೊಬ್ಬರು.

ಐದಕ್ಕೆ ನಾಲ್ಕು ನಿಮಿಷ ಇರುವಾಗ ನಾನು ಬಟನ್ ಒತ್ತಿದೆ. ಎರಡೂ ಅರ್ಜಿ ಸೊಲ್ಲಾಪುರಕ್ಕೆ ಹೋದವು. ಬೀಗರಿಬ್ಬರೂ ಖರೇನೇ ದರ್ಶನ ಮಾಡಿಕೊಂಡು ಬರೋಣ ಅಂತ ಗುಡಿಯ ಕಡೆ ಹೊರಟರು. ಹುಡುಗಿ ಅರ್ಜಿಯ ಪಾವತಿ ಚೀಟಿ ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡು, ತಂದೆ ದೂರ ಹೋಗುವ ತನಕ ನಿಂತಿದ್ದು, ಖಿಡಕಿಯ ಹತ್ತಿರ ಬಗ್ಗಿದಳು.

“ಮ್ಯಾಡಮ್ರ, ಆ ನಿಯಮ ಖರೇ ಅದ ಏನ್ರಿ?”

“ನಿನ್ನ ಡಿಗ್ರಿ ಮುಗದ ಮ್ಯಾಲ ಬಾ” ಅಂದೆ ಖಿಡಕಿ ಹಾಕುತ್ತ. “ನಿಯಮದ ಪುಸ್ತಕ ತಗದು ನೋಡಿ ಹೇಳ್ತೀನಿ.”