ಇಪ್ಪತ್ತು ವರ್ಷ ಹಿಂದಕ್ಕೆ ಬಿದ್ದವನು

ಕಾಲವನ್ನು ಹಿಂದಕ್ಕೆ ತಿರುಗಿಸುವ ಕೆಲಸವನ್ನು ದೇವರೇ ಇದುವರೆಗೆ ಕೈಗೆತ್ತಿಕೊಂಡದ್ದಿಲ್ಲ. ಆದದ್ದು ಆಗಿಹೋಯಿತು ಎಂದು ಅವನೂ ಸುಮ್ಮನಿದ್ದಾನೆ. ಅಂಥದ್ದನ್ನು, ಬಂದ ಗಿರಾಕಿಗಳಿಗೆ “ಗದ್ದ ಸ್ವಲ್ಪ ಮೇಲೆತ್ತಿ” ಎನ್ನುತ್ತ ಹೊಟ್ಟೆ ಹೊರೆಯುವ ಫೋಟೊದವನೊಬ್ಬ ಕೈಗೆತ್ತಿಕೊಂಡ. ಸಿನಿಮಾ ತೆಗೆದ.

ಕತೆ ಸರಳ. ಒಬ್ಬ ಮಗ ಫೋಟೊ ತೊಳೆಯುವ ಕತ್ತಲೆಕೋಣೆಯ ಬಾಗಿಲು ತೆರೆದು ಇಪ್ಪತ್ತು ವರ್ಷ ಹಿಂದಕ್ಕೆ ಬೀಳುತ್ತಾನೆ. ತೀರಿಹೋದ ಅಪ್ಪನ ಜೊತೆ ಒಂದು ಸಂಜೆ ಕೂತು ಮಾತಾಡಿ ಮರಳುತ್ತಾನೆ. ಮಗನಾಗಿ ಬೀದಿಯ ಕ್ಷೌರಿಕ, ಅಪ್ಪನಾಗಿ ನಿವೃತ್ತ ಪೋಸ್ಟ್‌ಮನ್. ಕ್ಯಾಮೆರಾ, ದೀಪ, ಮಾತು, ಕಣ್ಣೀರು ಎಲ್ಲ ಫೋಟೊದವನದೇ.

ಅಂದು ಬೆಳಿಗ್ಗೆ ಟಾಕೀಸಿನಲ್ಲಿ ಅದರ ಬಿಟ್ಟಿ ಆಟ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನ ಎದುರು ಹೆಂಡತಿ ಬಂದು ನಿಂತಳು.

“ರೀ, ವರ್ಷಪೂರ್ತಿ ಸ್ಟುಡಿಯೋ ಬಾಗಿಲು ಹಾಕ್ಕೊಂಡು ಓಡಾಡಿದ್ರಿ. ನಾನೇನಾದ್ರೂ ಅಂದ್ನಾ?”

“ಅಂದೆ.”

“ಅಂದ್ರೂ ಬಿಟ್ನಲ್ಲ! ಇವತ್ತು ಟಾಕೀಸಿನವ್ರು ಒಪ್ಪಿದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಅಣ್ಣನ ಅಂಗಡಿ. ಮಾತು ಕೊಟ್ಟಿದೀರ.”

ಅಣ್ಣನದು ಹಾಸಿಗೆ ಅಂಗಡಿ. ಅಲ್ಲಿ ನಿಂತು ಸ್ಪ್ರಿಂಗು, ಹತ್ತಿಗಳ ಗುಣಗಾನ ಮಾಡುವುದನ್ನು ನೆನೆದರೇ ಫೋಟೊದವನಿಗೆ ದಿಂಬು ಮುಖಕ್ಕೆ ಒತ್ತಿದ ಹಾಗೆ ಉಸಿರು ಕಟ್ಟುತ್ತಿತ್ತು.

ಟಾಕೀಸಿನ ಯಜಮಾನರು ಸಿನಿಮಾ ನೋಡುವವರಲ್ಲ. ಯಾವ ಹೊಸ ಸಿನಿಮಾ ಬಂದರೂ ಒಂದು ಬಿಟ್ಟಿ ಆಟ ಹಾಕಿಸಿ, ಹೊರಬಾಗಿಲ ಪಕ್ಕ ಸ್ಟೂಲಿನ ಮೇಲೆ ಧ್ಯಾನಕ್ಕೆ ಕೂತವರಂತೆ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿಲ್ಲಿಸಿ ಕೇಳಿದರೆ ಜನ ಸಭ್ಯತೆಗೆ ಏನೋ ಹೇಳುತ್ತಾರೆ. ಕತ್ತಲೆಯಿಂದ ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡಿಕೊಂಡು ತಮ್ಮತಮ್ಮಲ್ಲೇ ಆಡುತ್ತಾರಲ್ಲ, ಅದು ನಿಜವಾದ ಅಭಿಪ್ರಾಯ ಎಂಬುದು ಅವರ ನಂಬಿಕೆ. ಆ ಮಾತು ಕಿವಿಗೆ ಹಿತವಾದರೆ ಸಿನಿಮಾ ಒಂದು ವಾರ ಓಡುತ್ತಿತ್ತು. ಇಲ್ಲದಿದ್ದರೆ ಡಬ್ಬ ಸೇರುತ್ತಿತ್ತು.

ಹಾಗಾಗಿ ಫೋಟೊದವನು ಆಟಕ್ಕೆ ಮೊದಲೇ ಅಭಿಪ್ರಾಯ ಬಿತ್ತಲು ಹೊರಟ. ಮೊದಲು ಮೇಲಿನ ಮನೆ ಅಜ್ಜಿ.

“ಅಜ್ಜಿ, ಹೊರಗೆ ಬರ್ತಾ ‘ಕಣ್ಣು ತುಂಬಿ ಬಂತು’ ಅಂದ್ಬಿಡಿ.”

“ಆಪರೇಷನ್ ಆದಾಗಿಂದ ತುಂಬ್ಕೊಂಡೇ ಇರುತ್ತಪ್ಪ. ಅಂತೀನಿ ಬಿಡು.”

ಬೇಕರಿಯ ಅಕ್ಕ ಅಷ್ಟು ಸುಲಭವಾಗಿ ಒಪ್ಪಲಿಲ್ಲ.

“ಏನನ್ಬೇಕು?”

“ಅದ್ಭುತ ಅಂದ್ರೆ ಸಾಕು ಅಕ್ಕ.”

“ನೋಡೋ ಮುಂಚೆ ಬೇಕಾದ್ರೆ ನೂರು ಸಲ ಅಂತೀನಿ. ನೋಡಿದ್ಮೇಲೆ ನನ್ನ ಬಾಯಿ ನನ್ನ ಮಾತೇ ಕೇಳಲ್ಲ ಕಣೋ.”

ಟಾಕೀಸಿನ ಮೆಟ್ಟಿಲ ಮೇಲೆ ಹೆಂಡತಿಯ ಅಣ್ಣ ಸಿಕ್ಕಿದ. ಹೊಸ ಅಂಗಿ ತೊಟ್ಟಿದ್ದ. “ಹೆದರ್ಬೇಡ ಕಣಯ್ಯಾ,” ಎಂದು ಭುಜ ತಟ್ಟಿದ. “ಸೋತು ಬಿದ್ರೂ ನಮ್ಮಲ್ಲಿ ಮೆತ್ತಗಿರುತ್ತೆ.”

“ನೀವು ಒಳಗೆ ಹೋಗಿ ಭಾವ,” ಎಂದ ಫೋಟೊದವನು.

ಆಟ ಶುರುವಾಯಿತು. ಫೋಟೊದವನು ಕೊನೆಯ ಸಾಲಿನ ಹಿಂದೆ ಗೋಡೆಗೊರಗಿ ನಿಂತು ಇಷ್ಟದೇವರನ್ನು ನೆನೆದ. ದೇವರು ಬರುವ ಮೊದಲೇ ಅಜ್ಜಿಯ ದನಿ ಬಂತು.

“ಅಯ್ಯೋ, ಅದು ನಮ್ಮ ಬೆಡ್‌ಶೀಟು! ಮೊನ್ನೆ ತಾನೇ ತಗೊಂಡಿದ್ದು. ಇಪ್ಪತ್ತು ವರ್ಷದ ಹಿಂದೆ ಹೆಂಗೆ ಒಣಗ್ತಾ ಇದೆ?”

“ಆವಾಗಿಂದ್ಲೂ ನೀವು ಒಳಗೆ ತಗೊಂಡಿಲ್ಲ ಅಜ್ಜಿ, ಅಷ್ಟೇ,” ಎಂದಳು ಬೇಕರಿಯ ಅಕ್ಕ. ಇಡೀ ಟಾಕೀಸು ನಕ್ಕಿತು.

ಆಮೇಲೆ ಜನರ ಬಾಯಿ ಮುಚ್ಚಲಿಲ್ಲ. ಅಪ್ಪನನ್ನು ವಯಸ್ಸಿನಲ್ಲಿ ಇಳಿಸಲು ಪೋಸ್ಟ್‌ಮನ್ ತಲೆಗೆ ಬಳಿದ ಕಪ್ಪು ಬೆವರಿನಲ್ಲಿ ಕರಗಿ ಕೆನ್ನೆಗೆ ಇಳಿದಿತ್ತು. “ಅಪ್ಪ ಅಳ್ತಿದಾನೋ ಸೋರ್ತಿದಾನೋ?” ಎಂದು ಮುಂದಿನ ಸಾಲಿನಲ್ಲಿ ಯಾರೋ ಕೇಳಿದರು. ಮಗ ಹಿಂದಿನ ಕಾಲಕ್ಕೆ ಹೋಗುವಾಗ ಇದ್ದ ಮೀಸೆ ಬರುವಾಗ ಇರಲಿಲ್ಲ. ಚಿತ್ರೀಕರಣದ ನಡುವೆ ಕ್ಷೌರಿಕನಿಗೆ ಕೈ ತುರಿಸಿತ್ತು. “ಅಪ್ಪನ ಹತ್ರ ಬಿಟ್ಟು ಬಂದಿರ್ಬೇಕು,” ಎಂದಿತು ಇನ್ನೊಂದು ದನಿ.

ಒಂದೇ ಸಮಾಧಾನವಿತ್ತು. ಮಗ ಕತ್ತಲೆಕೋಣೆಯಿಂದ ಹಳೆಯ ಕಾಲದ ಅಂಗಳಕ್ಕೆ ಮೇಲಿನಿಂದ ಬೀಳುವ ದೃಶ್ಯವನ್ನು ಫೋಟೊದವನು ಮತ್ತೆ ಮತ್ತೆ ಹಾಕಿದ್ದ; ಅದು ಬಂದಾಗಲೆಲ್ಲ ಟಾಕೀಸು ಸ್ತಬ್ಧವಾಗುತ್ತಿತ್ತು. ಬರಿ ನೆಲಕ್ಕೆ ಹಾರುವುದಿಲ್ಲವೆಂದು ಕ್ಷೌರಿಕ ಹಟ ಹಿಡಿದಿದ್ದರಿಂದ ಭಾವನ ಅಂಗಡಿಯ ಹಾಸಿಗೆಯೊಂದನ್ನು ತಂದು ಹಾಸಬೇಕಾಗಿತ್ತು. ಅದನ್ನು ಕ್ಯಾಮೆರಾದ ಕಣ್ಣು ತಪ್ಪಿಸಿ ಇಟ್ಟರೆ ಕ್ಷೌರಿಕನ ಕಣ್ಣಿಗೂ ತಪ್ಪುತ್ತಿತ್ತು. ಹಾಗಾಗಿ ಹಾಸಿಗೆ ಅಂಗಳದ ನಟ್ಟನಡುವೆ, ಪ್ಲಾಸ್ಟಿಕ್ ಹೊದಿಕೆಯ ಸಮೇತ, ಮಗನಿಗಿಂತ ಮೊದಲೇ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಮಲಗಿರುತ್ತಿತ್ತು. ಮಗ ಬೀಳುತ್ತಿದ್ದ, ಮೃದುವಾಗಿ ಒಮ್ಮೆ ಪುಟಿಯುತ್ತಿದ್ದ, ಏಳುತ್ತಿದ್ದ. “ಆಹಾ...” ಎಂಬ ನಿಟ್ಟುಸಿರು ಸಾಲಿನಿಂದ ಸಾಲಿಗೆ ಹರಿಯುತ್ತಿತ್ತು. ಕಾಲದ ಆಳ ಇವರನ್ನು ತಟ್ಟಿತು ಎಂದುಕೊಂಡ ಫೋಟೊದವನು. ಅವನ ಕಣ್ಣು ಒದ್ದೆಯಾಯಿತು.

ಆಟ ಮುಗಿಯಿತು. ಅವನು ಎಲ್ಲರಿಗಿಂತ ಮೊದಲು ಓಡಿಹೋಗಿ ಕಂಬದ ಮರೆಗೆ ನಿಂತ. ಯಜಮಾನರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿದ್ದರು. ಒಂದು ಕೈ ಸೊಂಟದ ಮೇಲಿತ್ತು.

ಮೊದಲು ಬಂದವರು ಪೋಸ್ಟ್‌ಮನ್. “ಸತ್ತ ಅಪ್ಪ ಮಗನಿಗೆ ಸಿಕ್ರೆ ಇಷ್ಟೇನಾ ಮಾತಾಡೋದು? ನನಗಿನ್ನೂ ನಾಲ್ಕು ಮಾತು ಕೊಡ್ಬೇಕಿತ್ತು.”

ಅವರ ಹಿಂದೆ ಕ್ಷೌರಿಕ. “ನಿಮಗೆ ಮಾತಾದ್ರೂ ಇತ್ತು. ನನ್ನ ಮುಖ ಎಷ್ಟು ಹೊತ್ತು ಕಾಣಿಸ್ತು ಹೇಳಿ? ಉಳಿದಿದ್ದೆಲ್ಲ ಬರೀ ಬೆನ್ನು.”

ಅಜ್ಜಿ ಮೆಲ್ಲಗೆ ಬಂದು ಯಜಮಾನರ ಕಿವಿಯ ಹತ್ತಿರ ಬಾಗಿದರು. “ಕಣ್ಣು ತುಂಬಿ ಬಂತು. ಹೇಳು ಅಂದಿದ್ದ, ಹೇಳಿದೀನಿ.”

ಫೋಟೊದವನು ಕಂಬಕ್ಕೆ ಹಣೆ ಚಚ್ಚಿಕೊಂಡ.

ಆಗ ಬೇಕರಿಯ ಅಕ್ಕ ಬಂದಳು. “ಏನೇ ಹೇಳಿ, ಅಷ್ಟು ಎತ್ತರದಿಂದ ಬಿದ್ದ, ಒಂದು ಗಾಯ ಇಲ್ಲ! ಅದ್ಭುತ ಕಣ್ರಿ!”

“ತಲೆಕೂದಲೂ ಕೆದರ್ಲಿಲ್ಲ,” ಎಂದರು ಪಕ್ಕದವರು.

“ನನಗಂತೂ ಎದ್ದು ಅಪ್ಪನ್ನ ಹುಡುಕೋದ್ಯಾಕೆ, ಹಾಗೇ ಒಂದು ನಿದ್ದೆ ತೆಗೀಬಾರ್ದಾ ಅನ್ನಿಸ್ತು.”

“ಅದು ಸ್ಪ್ರಿಂಗೋ ಹತ್ತಿನೋ?”

“ಹತ್ತಿ ಹಂಗೆ ಪುಟಿಯುತ್ತೇನ್ರಿ? ಇನ್ನೊಂದ್ಸಲ ನೋಡಿದ್ರೆ ಗೊತ್ತಾಗುತ್ತೆ.”

“ನಡೀರಿ, ಸಂಜೆ ಹಾಕಿದ್ರೆ ನೋಡೇಬಿಡೋಣ. ಮನೆಯವ್ರನ್ನೂ ಕರ್ಕೊಂಡ್ ಬರ್ತೀನಿ.”

ಗುಂಪು ಕದಲಲಿಲ್ಲ. ಬಾಗಿಲಲ್ಲೇ ಎರಡು ಪಕ್ಷವಾಯಿತು. ಸ್ಪ್ರಿಂಗಿನವರು ಒಂದು ಕಡೆ, ಹತ್ತಿಯವರು ಒಂದು ಕಡೆ.

ಯಜಮಾನರು ಕಣ್ಣು ತೆರೆದರು. ಆ ಬಾಗಿಲಲ್ಲಿ ಅವರು ಕಣ್ಣು ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ನಡು ಹಿಡಿದುಕೊಂಡು ಎದ್ದು ಕಂಬದ ಬಳಿ ಬಂದರು.

“ನಿನ್ನದೇನಪ್ಪ ಸಿನಿಮಾ?”

“ಹೌದು ಯಜಮಾನ್ರೇ.”

“ಜನ ಎರಡನೇ ಸಲ ನೋಡ್ತೀವಿ ಅಂತಿದಾರೆ. ಇವತ್ತು ಸಂಜೆಯಿಂದ ಒಂದು ವಾರ ಓಡಿಸೋಣ.”

ಫೋಟೊದವನ ಕಾಲು ನೆಲಕ್ಕೆ ತಾಕಲಿಲ್ಲ. ಗುಂಪಿನ ಆಚೆ ನಿಂತಿದ್ದ ಹೆಂಡತಿಯತ್ತ ತಿರುಗಿ, ಗೆದ್ದವನಂತೆ ಕೈ ಎತ್ತಿದ.

“ಒಂದೇ ಮಾತು,” ಎಂದರು ಯಜಮಾನರು, ದನಿ ತಗ್ಗಿಸಿ. “ಈ ಸ್ಟೂಲು ನನ್ನ ಬೆನ್ನು ತಿಂದುಹಾಕಿದೆ. ಆ ಹಾಸಿಗೆ ಯಾವ ಅಂಗಡಿದು?”

ಅವನು ಉತ್ತರಿಸುವ ಮೊದಲೇ ಭಾವ ಇಬ್ಬರ ನಡುವೆ ಕೈಮುಗಿದು ನಿಂತಿದ್ದ. “ನಮ್ಮದೇ ಯಜಮಾನ್ರೇ. ಸಂಜೆಗೆ ತಂದು ಇಲ್ಲೇ ಬಾಗಿಲಲ್ಲಿ ಹಾಸ್ತೀನಿ. ಜನಾನೂ ಒಂದ್ಸಲ ಮಲಗಿ ನೋಡ್ಲಿ. ವಾರ ಪೂರ್ತಿ ಇರ್ಲಿ.”

“ಪಕ್ಕದಲ್ಲಿ ನಿಂತು ವಿವರಿಸೋಕೆ ಆಳು ಬೇಕಲ್ಲಪ್ಪ?”

ಅಣ್ಣ ತಂಗಿಯ ಮುಖ ನೋಡಿದ. ತಂಗಿ ಗಂಡನ ಮುಖ ನೋಡಿದಳು. “ಇವರಿಗಿಂತ ಚೆನ್ನಾಗಿ ಯಾರು ಹೇಳ್ತಾರೆ? ತೆಗೆದವ್ರೇ ಇವರು. ಅಲ್ವೇನ್ರಿ?”

ಸಂಜೆ ಟಾಕೀಸಿನ ಮುಂದೆ ಜನ ಸೇರಿದ್ದರು. ಫೋಟೊದವನು ಒಗೆದ ಅಂಗಿ ತೊಟ್ಟು, ಹಾಸಿಗೆಯ ತಲೆಭಾಗದಲ್ಲಿ ನಿಂತು, ಅದರಲ್ಲಿ ಮಲಗಿ ಏಳಲು ಒಪ್ಪದ ಯಜಮಾನರ ಮೇಲಿಂದ ಬಗ್ಗಿ ಜನರಿಗೆ ಸ್ಪ್ರಿಂಗು ತೋರಿಸುತ್ತಿದ್ದ. ಬಾಗಿಲ ಆಚೆ ಅವನ ಸಿನಿಮಾದಲ್ಲಿ ಮಗ ಅಪ್ಪನನ್ನು ಮೊದಲ ಬಾರಿ ಕೂಗುತ್ತಿದ್ದ.

ಸಾಲಿನಲ್ಲಿದ್ದ ಹೊಸಬರೊಬ್ಬರು ಹಾಸಿಗೆಯ ಅಂಚನ್ನು ಒತ್ತುತ್ತ ತಲೆಯೆತ್ತಿದರು. “ಒಳಗೇನ್ರಿ ಅದು ಗಲಾಟೆ?”

“ಸಿನಿಮಾ,” ಎಂದ ಫೋಟೊದವನು.

“ಯಾವುದರದು?”

ಅವನು ಪ್ಲಾಸ್ಟಿಕ್ ಹೊದಿಕೆಯ ಸುಕ್ಕು ತೀಡಿದ. ಆಮೇಲೆ ಹಾಸಿಗೆಯತ್ತ ಕೈ ತೋರಿಸಿ, “ಇದರದೇ,” ಎಂದ.